ಅಮ್ಮನ ಸುಸ್ತಿಗೆ ಮನೆತುಂಬ ಮಾತ್ರೆ

ಆ ವರ್ಷ ಜೂನ್ ತಿಂಗಳಲ್ಲಿ ನಾನು ಒಂದು ವಿಟಮಿನ್ ಮಾತ್ರೆಯ ಜಾಹೀರಾತಿಗೆ ದನಿ ಕೊಟ್ಟೆ. ಹೊಟ್ಟೆಪಾಡಿಗೆ ನಾನು ಮಾಡುವುದೇ ಅದು, ಬೇರೆಯವರ ದನಿಯಲ್ಲಿ ಮಾತಾಡುವುದು. ಬಿಟಿಎಂ ಲೇಔಟಿನ ಒಂದು ಬೇಸ್‌ಮೆಂಟಿನಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿದ, ಬೀರುವಿಗಿಂತ ಚೂರೇ ಚೂರು ದೊಡ್ಡದಾದ ಕೋಣೆಯಲ್ಲಿ ನಿಂತು ಒಂದು ದಿನ ಕೆಮ್ಮುವ ತಾತನಾಗುತ್ತೇನೆ, ಇನ್ನೊಂದು ದಿನ ಗೋಡೆಯ ಬಣ್ಣ ನೋಡಿ ಪುಳಕಗೊಳ್ಳುವ ಅಳಿಯನಾಗುತ್ತೇನೆ. ಮಾತ್ರೆಯ ಜಾಹೀರಾತಿನಲ್ಲಿ ಮೂರು ಪಾತ್ರಗಳಿದ್ದವು: ಸುಸ್ತಾದ ಗಂಡಸು, ಅವನಿಗೆ ಬುದ್ಧಿ ಹೇಳುವ ಪಕ್ಕದ ಮನೆಯ ಅಂಕಲ್, ಕೊನೆಗೆ ಭಾರೀ ಗಂಟಲಿನ ಡಾಕ್ಟರು. ಮೂವರನ್ನು ಕರೆಯುವ ಬದಲು ನನ್ನೊಬ್ಬನನ್ನು ಕರೆದಿದ್ದರು.

ಡಾಕ್ಟರು ಒಂದೇ ಸಲಕ್ಕೆ ಬಂದರು. ಅಂಕಲ್ ಎರಡನೇ ಸಲಕ್ಕೆ. ಸುಸ್ತಾದವನು ಮಾತ್ರ ಹತ್ತು ಸಲ ಹೇಳಿದರೂ ಬರಲಿಲ್ಲ. ಗಾಜಿನಾಚೆ ಕೂತಿದ್ದ, ನನ್ನದೇ ವಯಸ್ಸಿನ ಡೈರೆಕ್ಟರ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಮಗಾ, ನೀನು ಸುಸ್ತಾಗಿರೋನ ಥರ ಇಲ್ಲ. ಸೋಮಾರಿ ಥರ ಇದೀಯ."

ನನಗೆ ರೇಗಿತು. ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದರೆ ಯಾರಿಗಾದರೂ ರೇಗುತ್ತದೆ. ಹನ್ನೊಂದನೇ ಸಲಕ್ಕೆ ನಾನು ಅಮ್ಮನ ದನಿಯನ್ನು ಹೊರತೆಗೆದೆ. ಸ್ಕೂಲಿನಿಂದ ಬಂದು, ನಮ್ಮ ಮೊದಲನೇ ಮಹಡಿಯ ಮನೆಗೆ ಮೆಟ್ಟಿಲು ಹತ್ತಿ, ಚಪ್ಪಲಿ ಬಿಡುವುದಕ್ಕೆ ಮುಂಚೆ ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತು ಅವಳು ಹೇಳುವುದು ಒಂದೇ ಮಾತು. "ಸ್ವಲ್ಪ ನೀ... ರು ಕೊಡೋ." ಪದದ ನಟ್ಟನಡುವೆ ಉಸಿರು ಕಡಿಯುತ್ತದೆ, ಒಂದು ಸಣ್ಣ ಗುಟುಕು, ಆಮೇಲೆ ಮಿಕ್ಕರ್ಧ. ಅದನ್ನೇ ಗಂಡುದನಿಗೆ ಇಳಿಸಿ ಹೇಳಿದೆ.

"ಸಖತ್ ಗುರು! ಎಲ್ಲಿಟ್ಟಿದ್ದೆ ಇದನ್ನ ಇಷ್ಟೊತ್ತು?"

"ಮನೇಲಿ," ಎಂದೆ.

ಸಂಭಾವನೆಯ ಜೊತೆ ನಾಲ್ಕು ಡಬ್ಬಿ ಮಾತ್ರೆಯನ್ನೂ ಕೊಟ್ಟು ಕಳಿಸಿದರು. ಅಮ್ಮನ ಸುಸ್ತನ್ನು ಮಾರಿ, ಅದಕ್ಕೆ ಸಿಕ್ಕ ಮಾತ್ರೆಯನ್ನು ತಂದು ಅಮ್ಮನಿಗೇ ಕೊಟ್ಟ ಮಗ ಇಡೀ ಹನುಮಂತನಗರದಲ್ಲಿ ನಾನೊಬ್ಬನೇ ಇರಬೇಕು. ಆಗ ಹಾಗೆಲ್ಲ ತೋಚಲಿಲ್ಲ. ಆಗ ತೋಚಿದ್ದು, ನಾಲ್ಕು ಡಬ್ಬಿ ಫ್ರೀ.

ಅಮ್ಮನಿಗೆ ಆಗ ಐವತ್ತೊಂದು. ಬನಶಂಕರಿ ಎರಡನೇ ಹಂತದ ಒಂದು ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಎರಡನೇ ಕ್ಲಾಸಿನ ಟೀಚರ್. ಕ್ಲಾಸು ಇರುವುದೂ ಎರಡನೇ ಮಹಡಿಯಲ್ಲಿ. ಏಳು ವರ್ಷದ ಮಕ್ಕಳ ಕೈಯಲ್ಲಿ ಒತ್ತಕ್ಷರ ಬರೆಸುವುದು ಅವಳ ಜೀವನದ ದೊಡ್ಡ ಹೆಮ್ಮೆ. ದಾರಿಯಲ್ಲಿ ಗಡ್ಡ ಬಿಟ್ಟ ದಾಂಡಿಗನೊಬ್ಬ "ಮಿಸ್!" ಎಂದು ಬೈಕು ನಿಲ್ಲಿಸಿದರೆ ಅವಳು ನಮಗೆ ಪರಿಚಯಿಸುವುದು ಹೀಗೆ: "ಇವನು 'ಜ್ಞ' ಬರೆಯೋಕ್ಕೆ ಎಷ್ಟು ಅಳಿಸಿದಾನೆ ಗೊತ್ತಾ ನನ್ನ."

ಅಂಥವಳು ಆ ವರ್ಷ ಕ್ಲಾಸಿನಲ್ಲಿ ಕುರ್ಚಿಯ ಮೇಲೆ ಕೂತೇ ಪಾಠ ಮಾಡತೊಡಗಿದ್ದಳು. ಸಂಜೆ ಬಂದವಳು ಸೋಫಾದ ಮೇಲೆ ಒರಗಿದರೆ ಪಕ್ಕದಲ್ಲಿ ಕುಕ್ಕರ್ ಕೂಗಿದರೂ ಏಳುತ್ತಿರಲಿಲ್ಲ. ಜುಲೈ ಮೊದಲ ವಾರ, ಹುರುಳಿಕಾಯಿ ಸೋಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು.

"ಹೆಡ್‌ಮಿಸ್ ಹತ್ರ ಮಾತಾಡಿದೀನಿ. ದಸರಾಕ್ಕೆ ಬಿಟ್ಟುಬಿಡ್ತೀನಿ ಅನ್ಸತ್ತೆ. ರಜಾ ಮುಗಿಯೋದ್ರೊಳಗೆ ಗಟ್ಟಿ ಹೇಳಿ ಅಂದ್ರು, ಬೇರೆಯವ್ರನ್ನ ನೋಡ್ಕೋಬೇಕಲ್ಲ."

"ಬಿಟ್ಟು ಏನ್ ಮಾಡ್ತೀಯ?" ಎಂದೆ.

"ಮಲಗ್ತೀನಿ."

ಅದನ್ನು ಅವಳು ತಮಾಷೆಗೆ ಹೇಳಲಿಲ್ಲ. ಸೋಸಿದ ಹುರುಳಿಕಾಯಿ ಯಾವುದು, ನಾರು ಯಾವುದು ಎಂದು ನೋಡದೆ ಎರಡನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದಳು. ಸ್ಕೂಲು ಬಿಡುವ ಆಸೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ ಎನ್ನುವುದು ನನ್ನಂಥ ದಡ್ಡನಿಗೂ ಗೊತ್ತಾಯಿತು. ಮೆಟ್ಟಿಲು ಹತ್ತುವುದಕ್ಕೆ ಆಗುತ್ತಿರಲಿಲ್ಲ, ಅಷ್ಟೇ.

ಇಲ್ಲಿಗೆ ಅಪ್ಪ ಪ್ರವೇಶಿಸಿದರು. ಅಪ್ಪ ಬ್ಯಾಂಕಿನಿಂದ ನಿವೃತ್ತರಾಗಿ ಒಂದು ವರ್ಷವಾಗಿತ್ತು. ನಿವೃತ್ತರಾದ ಗಂಡಸರಿಗೆ ಪಾರ್ಕೇ ಆಫೀಸು. ಬೆಳಿಗ್ಗೆ ಏಳಕ್ಕೆ ಹೋಗಿ ಎರಡು ಸುತ್ತು ನಡೆದು, ಆಮೇಲೆ ಕಲ್ಲುಬೆಂಚಿನ ಮೇಲೆ ಕೂತು ಒಬ್ಬರ ಬ್ಲಡ್ ರಿಪೋರ್ಟನ್ನು ಇನ್ನೊಬ್ಬರು ಓದುತ್ತಾರೆ. ಈ ಬೆಂಚಿಗೊಬ್ಬರು ಅಧ್ಯಕ್ಷರಿದ್ದರು. ಕತ್ರಿಗುಪ್ಪೆ ಕಡೆ ಹಿಂದೆ ಹೊಲ ಇದ್ದು, ಈಗ ಅದೇ ಜಾಗದಲ್ಲಿ ಬಾಡಿಗೆ ಮನೆಗಳಿರುವ ಗೌಡರು. ಅವರಿಗೆ ಯಾವುದೋ ಕಾಲದಲ್ಲಿ ಬಿ-ಟ್ವೆಲ್ವ್ ಮಾತ್ರೆಯಿಂದ ಕಾಲು ಜೋಮು ಹೋಗಿತ್ತು. ಅಂದಿನಿಂದ ಮಂಡಿನೋವಿಗೂ ಬಿ-ಟ್ವೆಲ್ವ್, ಮರೆವಿಗೂ ಬಿ-ಟ್ವೆಲ್ವ್, ಮಗಳಿಗೆ ಗಂಡು ಸಿಗದಿದ್ದರೂ ಬಹುಶಃ ಬಿ-ಟ್ವೆಲ್ವ್.

"ಸಾರ್, ನಿಮ್ಮನೆಯವ್ರು ವೆಜಿಟೇರಿಯನ್ನು. ಕಣ್ಣು ಮುಚ್ಕೊಂಡು ಕೊಡಿ ಸಾರ್. ಹದಿನೈದು ದಿನದಲ್ಲಿ ಓಡಾಡ್ತಾರೆ ಕುದುರೆ ಥರ." ಇದನ್ನು ಅಪ್ಪ ಮನೆಗೆ ಬಂದು, ಗೌಡರ ಹಾಗೇ ಟವೆಲ್ ಕೊಡವಿ ಹೇಳಿದರು. ಅಪ್ಪನಿಗೆ ಮಿಮಿಕ್ರಿ ಬರುವುದಿಲ್ಲ. ಗೌಡರ ಬದಲು ಟಿಕೆಟ್ ಕೇಳುವ ಕಂಡಕ್ಟರ್ ಬಂದ.

ಬೆಂಚಿನ ಸಲಹೆ ದಿನಕ್ಕೊಂದು. ಸೋಮವಾರ ಬಿ-ಟ್ವೆಲ್ವ್, ಬುಧವಾರ ಡಿ-ತ್ರೀ, ಶುಕ್ರವಾರ ಜಿಂಕು, ಭಾನುವಾರ ಕ್ಯಾಲ್ಸಿಯಂ. ಜೊತೆಗೆ ನಾನು ತಂದ ನಾಲ್ಕು ಡಬ್ಬಿ. ಇವನ್ನೆಲ್ಲ ಇಡುವುದಕ್ಕೆ ಅಪ್ಪ ಗಾಂಧಿಬಜಾರಿಗೆ ಹೋಗಿ ಹೊಸದೊಂದು ಸ್ಟೀಲಿನ ಒಗ್ಗರಣೆ ಡಬ್ಬಿ ತಂದರು. ದೊಡ್ಡ ದುಂಡನೆಯ ಡಬ್ಬಿಯೊಳಗೆ ಏಳು ಪುಟ್ಟ ಬಟ್ಟಲು. ಸಾಸಿವೆ, ಜೀರಿಗೆ, ಮೆಂತ್ಯ ಇರಬೇಕಾದ ಜಾಗದಲ್ಲಿ ಕೆಂಪು, ಹಳದಿ, ಬಿಳಿ ಗುಳಿಗೆಗಳು. ಏಳು ಬಟ್ಟಲು, ವಾರಕ್ಕೆ ಏಳು ದಿನ. ಈ ಶೋಧಕ್ಕೆ ಅಪ್ಪನಿಗೆ ಆದ ಸಂತೋಷ ಅವರಿಗೆ ಪ್ರಮೋಷನ್ ಸಿಕ್ಕಿದಾಗಲೂ ಆಗಿರಲಿಲ್ಲ.

"ಇಷ್ಟನ್ನೂ ನುಂಗಿದ್ರೆ ಊಟಕ್ಕೆ ಜಾಗ ಎಲ್ಲಿರತ್ತೆ ರೀ?" ಎಂದಳು ಅಮ್ಮ.

"ಮೊದಲು ನುಂಗು. ಆಮೇಲೆ ಹಸಿವು ತಾನಾಗೇ ಬರತ್ತೆ."

ಜೆ.ಪಿ. ನಗರದಿಂದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ನೋಡಲು ಬಂದಳು. ಬಂದವಳು ಒಳಗೆ ಕಾಲಿಟ್ಟ ಕೂಡಲೇ ತೀರ್ಪು ಕೊಟ್ಟಳು. "ಇದು ಡಿ. ಮುಖ ನೋಡಿದ್ರೇ ಗೊತ್ತಾಗತ್ತೆ, ಡಿ ಕಮ್ಮಿ." ಭಾನುವಾರ ಹತ್ತು ಗಂಟೆಗೆ ಅಮ್ಮನನ್ನು ತಾರಸಿಗೆ ಕರೆದುಕೊಂಡು ಹೋಗಿ, ತೋಳು ಮೇಲೆತ್ತಿಸಿ, ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದಳು. ಎರಡು ತಂತಿಗಳ ನಡುವೆ, ಒಣಗಿದ ಲುಂಗಿಯ ಪಕ್ಕ, ಅಮ್ಮ. ಅವಳೂ ಸಂಡಿಗೆಯ ಹಾಗೆ ನಿಂತುಕೊಂಡಳು. ಎದುರು ಮನೆಯ ಆಂಟಿ ಕೇಳಿದರು, "ಏನ್ರೀ, ಯೋಗಾನಾ?" ಅಮ್ಮ ಹೇಳಿದಳು, "ಅಲ್ಲ ರೀ, ಶಿಕ್ಷೆ."

ನಾನೂ ಸುಮ್ಮನಿರಲಿಲ್ಲ. ಜಾಹೀರಾತಿನ ಮಾತ್ರೆಯನ್ನು ನಾನೂ ದಿನಕ್ಕೊಂದು ನುಂಗಿದೆ. ಎರಡನೇ ದಿನಕ್ಕೆ ಉಚ್ಚೆ ಅರಿಶಿನದ ನೀರಿನ ಹಾಗೆ ಬಂತು. ಗಾಬರಿಯಾಗಿ ಅಪ್ಪನಿಗೆ ಹೇಳಿದರೆ ಅವರ ಮುಖ ಅರಳಿತು. "ನೋಡು! ಕೆಲಸ ಮಾಡ್ತಿದೆ!" ಬೀದಿ ಕೊನೆಯ ಮೆಡಿಕಲ್ ಶಾಪಿನವರನ್ನು ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿಮಗೆ ಬೇಡದೇ ಇರೋದು ಹೊರಗೆ ಹೋಗ್ತಿದೆ ಅಷ್ಟೇ ಅಣ್ಣ," ಎಂದರು. ಅಂದರೆ ನನ್ನ ಶಕ್ತಿಯೆಲ್ಲ ಹನುಮಂತನಗರದ ಮೋರಿಗೆ ಹೋಗುತ್ತಿತ್ತು. ಆದರೂ ನಾನು ಒಂದು ವಾರ ಸ್ಟುಡಿಯೋದಲ್ಲಿ ಎಲ್ಲರಿಗೂ ಈಗ ಸಖತ್ ಎನರ್ಜಿ ಇದೆ ಎಂದು ಹೇಳಿಕೊಂಡು ಓಡಾಡಿದೆ. ಹೇಳುವಾಗ ಆಕಳಿಕೆ ಬರುತ್ತಿತ್ತು.

ಅಮ್ಮನಿಗೆ ಮಾತ್ರ ಏನೂ ಆಗಲಿಲ್ಲ. ಏನೂ ಆಗದೇ ಇದ್ದಷ್ಟೂ ಬಟ್ಟಲುಗಳು ತುಂಬುತ್ತ ಹೋದವು. ನನಗೆ ತಲೆಕೆಟ್ಟು ಹೋಗುತ್ತಿದ್ದದ್ದು ಅದಕ್ಕೇ. ಅಪ್ಪ ಪ್ರತಿದಿನ ಕೇಳುತ್ತಿದ್ದದ್ದು "ತಗೊಂಡ್ಯಾ?" ದೊಡ್ಡಮ್ಮ ಫೋನಿನಲ್ಲಿ ಕೇಳುತ್ತಿದ್ದದ್ದು "ನಿಂತ್ಕೊಂಡ್ಯಾ?" ಅಮ್ಮ ಎಲ್ಲರಿಗೂ ಹೇಳುತ್ತಿದ್ದದ್ದು "ಹ್ಞೂಂ." ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಏನಿಲ್ಲ ಕಣೋ, ವಯಸ್ಸು. ಅದಕ್ಕೆಲ್ಲ ಡಾಕ್ಟರ್ ಯಾಕೆ?"

ಜುಲೈ ಮೂರನೇ ವಾರ ಸ್ಕೂಲಿನ ಮೆಟ್ಟಿಲ ಮೇಲೆ ಅಮ್ಮ ಕೂತುಬಿಟ್ಟಳು. ಮಕ್ಕಳ ಸಾಲು ಅವಳನ್ನು ಸುತ್ತಿಕೊಂಡು ಮೇಲೆ ಹೋಯಿತಂತೆ. ಜೊತೆಯ ಟೀಚರೊಬ್ಬರು ನನಗೆ ಫೋನು ಮಾಡಿದರು. ಅವತ್ತು ಯಾರ ಮಾತೂ ಕೇಳದೆ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಜಯನಗರದ ಒಬ್ಬ ಲೇಡಿ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಅಪ್ಪ ಮನೆಯಿಂದ ಇನ್ನೊಂದು ಆಟೋದಲ್ಲಿ ಬಂದರು, ತೊಡೆಯ ಮೇಲೆ ಒಗ್ಗರಣೆ ಡಬ್ಬಿ ಇಟ್ಟುಕೊಂಡು.

"ಏನಾಗತ್ತೆ?" ಎಂದು ಕೇಳಿದರು ಡಾಕ್ಟರು.

"ಏನಿಲ್ಲ ಡಾಕ್ಟ್ರೇ. ಸ್ವಲ್ಪ ಸುಸ್ತು. ವಯಸ್ಸಾಯ್ತಲ್ಲ."

"ನಂಗೂ ಅಷ್ಟೇ ವಯಸ್ಸು."

ಅಪ್ಪ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಾ ಕೊಡ್ತಾ ಇದೀನಿ ಮೇಡಂ. ಒಂದೂ ಬಿಟ್ಟಿಲ್ಲ."

ಡಾಕ್ಟರು ಒಂದು ಬಟ್ಟಲನ್ನು ಬೆರಳಿನಿಂದ ಅಲ್ಲಾಡಿಸಿದರು. "ಇದೇನು, ಒಗ್ಗರಣೆಗಾ?"

ಅಮ್ಮ ಮತ್ತೆ "ಏನಿಲ್ಲ" ಎಂದಳು. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. "ಸುಳ್ಳು ಡಾಕ್ಟ್ರೇ. ಇವಳು ಮೆಟ್ಟಿಲು ಹತ್ತೋದು ನೋಡಿ ಹೇಗೆ ಅಂತ," ಎಂದವನೇ ಎದ್ದು ಮಾಡಿ ತೋರಿಸಿದೆ. ಗೋಡೆಗೆ ಎಡಗೈ. ಬಲಗೈಯಲ್ಲಿ ಚೀಲ. ನಾಲ್ಕು ಮೆಟ್ಟಿಲು, ನಿಲ್ಲುವುದು. ಯಾರೋ ನೋಡುತ್ತಿದ್ದಾರೆಂದು ಸೆರಗು ಸರಿಮಾಡುವ ನೆಪ. ಮತ್ತೆ ಮೂರು ಮೆಟ್ಟಿಲು. ಬಾಗಿಲ ಚೌಕಟ್ಟು. "ಸ್ವಲ್ಪ ನೀ... ರು ಕೊಡೋ."

ಅಪ್ಪ ಕಿಸಕ್ಕನೆ ನಕ್ಕರು. "ಥೇಟು!"

"ಥೂ, ಕೂತ್ಕೊಳೋ. ಮಾನ ಕಳೀಬೇಡ," ಎಂದಳು ಅಮ್ಮ.

ಡಾಕ್ಟರು ನಗಲಿಲ್ಲ. "ಇನ್ನೊಂದ್ ಸಲ ಮಾಡಿ."

ಒನ್ಸ್ ಮೋರ್ ಎಂದು ತಿಳಿದು ಇನ್ನೂ ಚೆನ್ನಾಗಿ ಮಾಡಿದೆ. ನನ್ನ ಬುದ್ಧಿ ಅಷ್ಟೇ.

"ನಾಲ್ಕನೇ ಮೆಟ್ಟಿಲಿಗೆ ನಿಂತ್ರಲ್ಲ, ಅದು ನೀವು ಸೇರಿಸಿದ್ದಾ, ಅವರು ಹಾಗೇ ಮಾಡೋದಾ?"

"ಅವಳು ಹಾಗೇ ಮಾಡೋದು."

"ಯಾವಾಗಿಂದ?"

ಆಗ ಯೋಚಿಸಿದೆ. ಕಳೆದ ದೀಪಾವಳಿಯಲ್ಲಿ ನೆಂಟರ ಮುಂದೆ ಅಮ್ಮನ ಮಿಮಿಕ್ರಿ ಮಾಡಿದಾಗ ಅವಳು ಇಡೀ ಮಹಡಿ ಹತ್ತಿ ಆಮೇಲೆ ಉಸ್ಸಪ್ಪಾ ಎನ್ನುತ್ತಿದ್ದಳು. ಸಂಕ್ರಾಂತಿಗೆ ತಿರುವಿನಲ್ಲಿ ಒಂದು ಸಲ ನಿಲ್ಲುತ್ತಿದ್ದಳು. ಯುಗಾದಿಗೆ ಪದ ಮಧ್ಯದಲ್ಲಿ ಮುರಿಯತೊಡಗಿತ್ತು. ಅದನ್ನು ಸೇರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಹಬ್ಬದಿಂದ ಹಬ್ಬಕ್ಕೆ ನನ್ನ ಮಿಮಿಕ್ರಿ ಉತ್ತಮವಾಗುತ್ತ ಬಂದಿತ್ತು. ನಾನು ಪಳಗುತ್ತಿದ್ದೇನೆ ಅಂದುಕೊಂಡಿದ್ದೆ. ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಹೇಳುವಾಗ ನನ್ನ ಸ್ವಂತ ದನಿ ಯಾವುದೆಂದು ಹುಡುಕಬೇಕಾಯಿತು.

ಡಾಕ್ಟರು ಅಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ಗಂಡಸರು ಸ್ವಲ್ಪ ಹೊರಗಿರಿ," ಎಂದರು. ಹೊರಗೆ ಬೆಂಚಿನ ಮೇಲೆ ಅಪ್ಪ ಡಬ್ಬಿ ಹಿಡಿದುಕೊಂಡು ಕೂತರು. "ನಮ್ಮೆದುರು ಹೇಳಬಾರದಂಥದ್ದು ಏನಿರತ್ತೋ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು.

ಮತ್ತೆ ಒಳಗೆ ಕರೆದಾಗ ಅಮ್ಮ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು. "ಹೇಳ್ಲಾ?" ಎಂದು ಡಾಕ್ಟರು ಅವಳನ್ನು ಕೇಳಿದರು. ಅವಳು ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು. ಒಂದು ವರ್ಷದಿಂದ ತಿಂಗಳ ಸಮಯದಲ್ಲಿ ವಿಪರೀತ ರಕ್ತ ಹೋಗುತ್ತಿತ್ತಂತೆ. ಮುಟ್ಟು ನಿಲ್ಲುವ ವಯಸ್ಸು, ಎಲ್ಲರಿಗೂ ಹೀಗೇ ಇರಬೇಕು ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಹೇಳ್ಬೇಕಿತ್ತಲ್ಲೇ," ಎಂದರು ಅಪ್ಪ.

"ನೀವು ಕೇಳಿದ್ದು ಮಾತ್ರೆ ತಗೊಂಡ್ಯಾ ಅಂತ ತಾನೇ?" ಎಂದಳು ಅಮ್ಮ.

ಇಡೀ ಪಾರ್ಕಿನವರ ಬಿ-ಟ್ವೆಲ್ವ್ ಎಷ್ಟೆಂದು ಅಪ್ಪನಿಗೆ ಬಾಯಿಪಾಠ ಬರುತ್ತಿತ್ತು. ಇಡೀ ನೆಂಟರ ಕೆಮ್ಮು, ಸೀನು, ಗೊರಕೆ ನನಗೆ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದವಳ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟರ ಹತ್ತಿರ ಬಂತು. ಕಬ್ಬಿಣದ ಅಂಶ ತಳ ಕಂಡಿತ್ತು. ಬಿ-ಟ್ವೆಲ್ವ್, ಡಿ ಎಲ್ಲ ಜೋರಾಗಿಯೇ ಇದ್ದವು. ಏಳು ಬಟ್ಟಲಿನಲ್ಲಿ ಇಲ್ಲದ್ದು ಒಂದೇ, ಬೇಕಾಗಿದ್ದೂ ಅದೊಂದೇ. ಸ್ಕ್ಯಾನ್ ಆಯಿತು, ಗಾಬರಿಪಡುವಂಥದ್ದು ಏನೂ ಕಾಣಲಿಲ್ಲ. ರಕ್ತ ಹೋಗುವುದಕ್ಕೆ ಬೇರೆ ಔಷಧ ಬರೆದರು, ಕಬ್ಬಿಣದ ಮಾತ್ರೆ ಬರೆದರು. "ಊಟಕ್ಕೆ ಮುಂಚೆ, ನೀರಿನ ಜೊತೆ, ದಿನಕ್ಕೊಂದು. ಮಿಕ್ಕಿದ ವಿಟಮಿನ್ನೆಲ್ಲ ನಿಲ್ಲಿಸಿ. ಎರಡು ತಿಂಗಳು ಬಿಟ್ಟು ಬನ್ನಿ."

ಅಪ್ಪ ಈ ಜವಾಬ್ದಾರಿಯನ್ನು ಮೈಮೇಲೆ ಹಾಕಿಕೊಂಡರು. ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಕಾಫಿ ಅಪ್ಪನದು. ಐದೂವರೆಗೆ ಎದ್ದು ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವವರೆಗೂ ಅದರ ಮುಂದೆ ನಿಂತಿರುತ್ತಾರೆ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ಒಂದೇ ಅಡುಗೆ. ಆರು ಗಂಟೆಗೆ ಲೋಟ ಬಟ್ಟಲು ಹಿಡಿದು ಅಮ್ಮನ ಮುಂದೆ ನಿಂತರೆ, ಅಂದಿನಿಂದ ಅಂಗೈಯಲ್ಲಿ ಮಾತ್ರೆಯೂ ಇರುತ್ತಿತ್ತು. ನಮ್ಮ ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗಿದರೂ ಕಾಫಿಯಲ್ಲೇ ನುಂಗುವುದು. ಅಜ್ಜಿ ಹಾಗೇ ನುಂಗಿ ತೊಂಬತ್ತು ಮುಟ್ಟಿದ್ದಳು. ಬರೀ ನೀರಲ್ಲಿ ಗಂಟಲಿನಲ್ಲಿ ನಿಲ್ಲುತ್ತದೆ, ಕಾಫಿಯಲ್ಲಾದರೆ ಸಲೀಸಾಗಿ ಇಳಿಯುತ್ತದೆ ಎನ್ನುವುದರ ಬಗ್ಗೆ ನಮ್ಮಲ್ಲಿ ಯಾರಿಗೂ ಅನುಮಾನವೇ ಇರಲಿಲ್ಲ.

ನನ್ನ ಕೊಡುಗೆಯೂ ಇರಲಿ ಎಂದು ಅಮ್ಮನ ಫೋನಿಗೆ ಒಂದು ಅಲಾರಂ ಹಾಕಿದೆ. ಲೇಡಿ ಡಾಕ್ಟರ ದನಿಯಲ್ಲಿ ರೆಕಾರ್ಡ್ ಮಾಡಿದ್ದು: "ಮಾತ್ರೆ ತಗೊಳ್ಳಿ. ಒಗ್ಗರಣೆಗಲ್ಲ, ಬಾಯಿಗೆ." ಸಮಯ ಸರಿಯಾಗಿ ಆರು ಗಂಟೆ, ಅಪ್ಪನ ಕಾಫಿಗೆ ಒಂದು ನಿಮಿಷವೂ ಹಿಂದುಮುಂದಾಗದ ಹಾಗೆ ಹೊಂದಿಸಿದ್ದೆ. ಬಹಳ ಜಾಣತನ ಮಾಡಿದೆನೆಂದು ಬೀಗಿದೆ.

ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಸೆಪ್ಟೆಂಬರ್ ಕೊನೆಗೆ ಮತ್ತೆ ಪರೀಕ್ಷೆ ಮಾಡಿಸಿದರೆ, ಹಿಮೋಗ್ಲೋಬಿನ್ ಇದ್ದಲ್ಲೇ ಕಾಲು ಚಾಚಿಕೊಂಡು ಕೂತಿತ್ತು. ರಿಪೋರ್ಟು ನೋಡಿ ಅಮ್ಮ ಅದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

"ಆಯ್ತಲ್ಲ. ಸಾಕು. ರಜಾದಲ್ಲಿ ಹೋಗಿ ಹೆಡ್‌ಮಿಸ್‌ಗೆ ಹೇಳಿ ಬರ್ತೀನಿ."

"ಒಳ್ಳೇದೇ ಆಯ್ತು ಬಿಡು," ಎಂದರು ಅಪ್ಪ. "ನನ್ನ ಪೆನ್ಷನ್ ಇದೆ. ಆರಾಮಾಗಿ ಮನೇಲಿರು. ಬೆಳಿಗ್ಗೆ ಪಾರ್ಕಿಗೆ ಬಾ ನನ್ನ ಜೊತೆ."

ಆ ಕೊನೆಯ ಮಾತಿಗೆ ಅಮ್ಮ ಅಪ್ಪನನ್ನು ನೋಡಿದ ರೀತಿಯಲ್ಲಿ, ಅವಳಿಗೆ ಸ್ಕೂಲು ಎಷ್ಟು ಬೇಕಾಗಿತ್ತೆಂದು ಕುರುಡನಿಗೂ ಕಾಣುತ್ತಿತ್ತು.

ಡಾಕ್ಟರು ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ರಕ್ತ ಹೋಗೋದು ಕಮ್ಮಿಯಾಗಿದೆ ಅಂತೀರಿ. ಮತ್ತೆ ಇದು ಯಾಕೆ ಏರ್ಲಿಲ್ಲ? ಮಾತ್ರೆ ಹೇಗೆ ತಗೋತೀರಿ?"

ಅಪ್ಪ ಎದೆಯುಬ್ಬಿಸಿದರು. "ನಾನೇ ಕೈಯಾರೆ ಕೊಡ್ತೀನಿ ಮೇಡಂ. ಬೆಳಿಗ್ಗೆ ಆರಕ್ಕೆ, ಬಿಸಿ ಬಿಸಿ ಕಾಫಿ ಜೊತೆ. ಜೊತೆಗೊಂದು ಕ್ಯಾಲ್ಸಿಯಂ. ಒಂದು ದಿನ ತಪ್ಪಿಲ್ಲ."

ಡಾಕ್ಟರು ಪೆನ್ನಿಗೆ ಕ್ಯಾಪು ಹಾಕಿದರು. "ಮಿಕ್ಕಿದ್ದೆಲ್ಲ ನಿಲ್ಲಿಸಿ ಅಂದಿದ್ನಲ್ಲ?"

"ವಿಟಮಿನ್ ನಿಲ್ಲಿಸಿ ಅಂದಿದ್ರಿ. ಕ್ಯಾಲ್ಸಿಯಂ ವಿಟಮಿನ್ ಅಲ್ವಲ್ಲ ಮೇಡಂ."

"ನೀರಿನ ಜೊತೆ ಅಂತಾನೂ ಅಂದಿದ್ದೆ."

ಅಮ್ಮ ಗಂಡನ ಪರವಾಗಿ ಎದ್ದು ನಿಂತಳು. "ಕಾಫಿನೂ ನೀರೇ ಅಲ್ವಾ ಡಾಕ್ಟ್ರೇ? ಡಿಕಾಕ್ಷನ್ ನೀರಲ್ಲೇ ತಾನೇ ಇಳಿಯೋದು?"

ಡಾಕ್ಟರು ಕನ್ನಡಕ ತೆಗೆದು ಎರಡು ಕಣ್ಣನ್ನೂ ಉಜ್ಜಿಕೊಂಡರು. ಆಮೇಲೆ ಎರಡನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಜೊತೆಗೂ ಹಾಗೇ. ಮಾತ್ರೆಗೂ ಕಾಫಿಗೂ ನಡುವೆ ಎರಡು ಗಂಟೆಯಾದರೂ ಇರಬೇಕು. ನಿಂಬೆಹಣ್ಣಿನ ಪಾನಕದಲ್ಲಿ ನುಂಗಿದರೂ ಆದೀತು. "ಕಾಫಿ ಒಂದೇ ಕಾರಣ ಅಂತ ನಾನು ಹೇಳಲ್ಲ. ರಕ್ತ ಹೋಗೋದು ಈಗಷ್ಟೇ ಹತೋಟಿಗೆ ಬರ್ತಿದೆ. ಆದ್ರೆ ನೀವು ಎರಡು ತಿಂಗಳು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡಿದೀರ."

"ದಸರಾ ರಜಾ ಮುಗಿಯೋಷ್ಟರಲ್ಲಿ ಸರಿಹೋಗತ್ತಾ ಡಾಕ್ಟ್ರೇ?" ಅಮ್ಮ ಕೇಳಿದಳು. ತಾನೇ ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು.

"ಇಲ್ಲ. ಸರಿಯಾಗಿ ತಗೊಂಡ್ರೂ ಮೂರ್ನಾಲ್ಕು ತಿಂಗಳು ಬೇಕು."

ಮನೆಗೆ ಬಂದ ಮೇಲೆ ಮಾತಾಡುವುದನ್ನೆಲ್ಲ ನಾನೇ ಮಾಡಿದೆ. ಪಾರ್ಕಿನ ಬೆಂಚಿಗೆ ಬೈದೆ, ಗೌಡರ ಕುದುರೆಗೆ ಬೈದೆ, ಅಜ್ಜಿಯ ತೊಂಬತ್ತು ವರ್ಷಕ್ಕೆ ಬೈದೆ. "ನೀರಿನ ಜೊತೆ ಅಂದ್ರೆ ನೀರಿನ ಜೊತೆ! ಅಷ್ಟೂ ಗೊತ್ತಾಗಲ್ವಾ?" ಎಂದು ಕೂಗಾಡಿದೆ. ಅಮ್ಮ ಫೋನನ್ನು ನನ್ನ ಮುಂದೆ ಹಿಡಿದು, "ಆರು ಗಂಟೆಗೆ ಕಾಫಿ ಬರತ್ತೆ ಅಂತ ಗೊತ್ತಿದ್ದೂ ಆರಕ್ಕೇ ಅಲಾರಂ ಇಟ್ಟೋನು ಯಾರು?" ಎಂದಳು.

ಮಾರನೇ ದಿನದಿಂದ ಮಾತ್ರೆ ಸಂಜೆ ಐದಕ್ಕೆ, ನಿಂಬೆ ಹಿಂಡಿದ ನೀರಿನಲ್ಲಿ. ಸಂಜೆ ಕಾಫಿ ರದ್ದು. ದಸರಾ ರಜವೆಲ್ಲ ಮನೆ ಸಿಡುಕಿನಲ್ಲಿ ಕಳೆಯಿತು. ಸಂಜೆ ಕಾಫಿ ಇಲ್ಲದ ಅಮ್ಮನ ಎದುರು ಕೂತು ತಾವು ಕುಡಿಯುವುದು ಹೇಗೆಂದು ಅಪ್ಪ ತಾವೂ ಬಿಟ್ಟರು. ಬಿಟ್ಟವರು ತಲೆನೋವೆಂದು ಮುಖ ಗಂಟುಹಾಕಿಕೊಂಡರು. ಗೊಂಬೆ ಕೂರಿಸುವಾಗ ಅಮ್ಮ ಎರಡು ಸಲ ನಡುವೆ ಕೂತಳು. ಅವಳು ಕೂತಾಗಲೆಲ್ಲ ನಾವಿಬ್ಬರೂ ಅವಳ ಮುಖ ನೋಡುತ್ತಿದ್ದೆವು. "ಹಾಗೆ ನೋಡಬೇಡಿ. ಮಾತ್ರೆ ನುಂಗಿದ ತಕ್ಷಣ ಓಡೋಕ್ಕೆ ನಾನೇನು ಬ್ಯಾಟರಿ ಹಾಕಿದ ಗೊಂಬೆನಾ?"

ರಜದ ಕೊನೆಯ ಶುಕ್ರವಾರ ಅವಳು ಯಾರಿಗೂ ಹೇಳದೆ ಸೀರೆ ಉಟ್ಟು ಸ್ಕೂಲಿಗೆ ಹೊರಟಳು. ನಾನು ಬಿಡುತ್ತೇನೆ ಎಂದರೆ ಬೇಡವೆಂದಳು. ಎರಡು ಗಂಟೆ ಕಳೆದು ವಾಪಸು ಬಂದು, ಚಪ್ಪಲಿ ಬಿಟ್ಟು, ಸೋಫಾದ ತುದಿಯಲ್ಲಿ ಕೂತಳು.

"ಒಂದನೇ ಕ್ಲಾಸು ಕೊಟ್ಟಿದಾರೆ," ಎಂದಳು. "ಕೆಳಗಡೆ."

ಅವಳೇ ಕೇಳಿದ್ದಂತೆ. ಒಂದನೇ ಕ್ಲಾಸಿನ ಟೀಚರು ವಯಸ್ಸಿನಲ್ಲಿ ಚಿಕ್ಕವರು, ಮೆಟ್ಟಿಲು ಹತ್ತುವುದು ಅವರಿಗೇನೂ ಅಲ್ಲ; ವರ್ಷ ಮುಗಿಯುವವರೆಗೆ ಇಬ್ಬರೂ ಕ್ಲಾಸು ಬದಲಾಯಿಸಿಕೊಳ್ಳುವುದೆಂದು ಹೆಡ್‌ಮಿಸ್ಸನ್ನು ಒಪ್ಪಿಸಿ ಬಂದಿದ್ದಳು.

"ಒಳ್ಳೇದಾಯ್ತು ಬಿಡು," ಎಂದರು ಅಪ್ಪ.

"ಏನ್ ಒಳ್ಳೇದಾಯ್ತು?" ಅಮ್ಮ ತಿರುಗಿಬಿದ್ದಳು. "ಜೂನಿಂದ ಕೂತು ಕಲಿಸಿದೀನಿ. ಈಗ ತಾನೇ ಮಕ್ಕಳು ಒತ್ತಕ್ಷರಕ್ಕೆ ಬಂದಿದ್ವು. ಇನ್ನು ಆ ಹುಡುಗಿ ಕಲಿಸ್ತಾಳೆ, ಅವಳ ಹೆಸರು ಹೇಳ್ಕೊಂಡು ಮುಂದೆ ಹೋಗ್ತಾವೆ. ಬಾಯಿಗೆ ಬಂದ ಹಾಗೆ ಒಳ್ಳೇದಾಯ್ತು ಅಂತೀರಲ್ಲ ರೀ."

ಅಪ್ಪ ಮೆಲ್ಲಗೆ, "ಮುಂದಿನ ವರ್ಷ ಬೇಕಾದ್ರೆ..." ಎಂದು ಶುರುಮಾಡಿದರು.

"ಜೂನ್‌ಗೆ ನನ್ನ ಕ್ಲಾಸು ನಂಗೆ ವಾಪಸ್ ಅಂತ ಹೇಳೇ ಬಂದಿದೀನಿ."

"ಆಗತ್ತೇನೇ ಅಷ್ಟರಲ್ಲಿ?"

"ಆಗದಿದ್ರೆ ಆಗ ನೋಡೋಣ. ಈಗ್ಲೇ ಯಾಕೆ ಅಪಶಕುನ?" ಎಂದವಳು ಬ್ಯಾಗಿನಿಂದ ಸ್ಕೂಲಿನ ಕಾರ್ಡ್‌ಬೋರ್ಡಿನ ಹಾಳೆಗಳನ್ನು ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. "ಒಂದನೇ ಕ್ಲಾಸಲ್ಲಿ ಅರ್ಧ ಮಕ್ಕಳಿಗೆ ಪೆನ್ಸಿಲ್ ಹಿಡಿಯೋಕ್ಕೇ ಬರಲ್ಲಂತೆ. ಬೆರಳಾಡಿಸಿ ಕಲೀಬೇಕು. ಕೂತ್ಕೊಂಡು ಅ ಆ ಇ ಈ ಕತ್ತರಿಸಿ ಕೊಡು. ದೊಡ್ಡದಾಗಿ."

ನನಗೆ ಅವತ್ತು ಸಂಜೆ ರೆಕಾರ್ಡಿಂಗ್ ಇತ್ತು. ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಗೊಣಗಿಕೊಂಡೇ ಕತ್ತರಿ ಹುಡುಕಿ ಕೂತೆ. ಅ, ಆ ಸಲೀಸಾಗಿ ಬಂದವು. ಉ, ಊ ಹೇಗೋ ಬಂದವು. 'ಋ' ಎನ್ನುವ ಅಕ್ಷರವನ್ನು ಕಾರ್ಡ್‌ಬೋರ್ಡಿನಲ್ಲಿ ಕತ್ತರಿಸುವುದು ಎಂಥ ಕರ್ಮ ಎನ್ನುವುದು ಅದನ್ನು ಮಾಡಿದವನಿಗೇ ಗೊತ್ತು. ಎರಡು ಸಲ ಕತ್ತರಿಸಿದೆ, ಎರಡು ಸಲವೂ ಬಾಲ ಹರಿದು ಕೈಗೆ ಬಂತು. ಅಮ್ಮ ಹರಿದ ಎರಡನ್ನೂ ಎತ್ತಿ ನೋಡಿ ಪಕ್ಕಕ್ಕೆ ಹಾಕಿದಳು.

"ಮೂರನೇದು ಸರಿಯಾಗಿ ಮಾಡು," ಎಂದಳು. "ಮಾರ್ಚ್ ತನಕ ಬಾಳಿಕೆ ಬರ್ಬೇಕು ಅದು."